ಶೆರಾ ಕಾಲಮಿನ ಒಂದು ಸಾಲು

1962ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಅವರು ನಮ್ಮ ಹೈಸ್ಕೂಲಿಗೆ ವಿಜ್ಞಾನದ ಅಧ್ಯಾಪಕಿಯಾಗಿ ಬಂದರು. ನನಗೆ ಆಗ ಮೂವತ್ತೊಂದು ವರ್ಷ ತುಂಬಿ ಮೂವತ್ತೆರಡನೆಯದು ನಡೆಯುತ್ತಿತ್ತು; ಅವರಿಗೆ ಇಪ್ಪತ್ತಾರು. ವಯಸ್ಸನ್ನು ಇಷ್ಟು ಖಚಿತವಾಗಿ ಹೇಳಬಲ್ಲೆನಾದರೆ ಅದಕ್ಕೆ ಕಾರಣವಿದೆ. ಶಾಲೆಯ ಎಲ್ಲ ಅಧ್ಯಾಪಕರ ಸೇವಾ ಪುಸ್ತಕಗಳನ್ನು ಬರೆಯುತ್ತಿದ್ದವನು ನಾನೇ. ಅದು ಗುಮಾಸ್ತರ ಕೆಲಸ. ಆದರೆ ನನ್ನ ಅಕ್ಷರ ಅಚ್ಚಿನಂತಿತ್ತು, ನನ್ನ ವಾಕ್ಯಗಳಲ್ಲಿ ಕರ್ತೃ ಕ್ರಿಯಾಪದಗಳು ಒಂದನ್ನೊಂದು ತಪ್ಪಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಹೆಡ್ಮಾಸ್ತರರು ಆ ಕೆಲಸವನ್ನು ಕನ್ನಡ ಪಂಡಿತನಾದ ನನಗೇ ಒಪ್ಪಿಸಿದ್ದರು. ಅದನ್ನು ನಾನು ಗೌರವವೆಂದು ಭಾವಿಸಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಆ ಹೆಸರಿನ ಎದುರಿಗೆ ಒಂದು ಸಾಲು ಬರೆದವನು ನಾನು, ಅಷ್ಟು ಸಾಕು. ಈಚೆಗೆ ಅವರ ತಾಯಿಯೂ ತೀರಿಕೊಂಡರು. ನಾನು ಅಧ್ಯಾಪಕ ವೃತ್ತಿಯನ್ನು ಬಿಟ್ಟು ಕುಂದಾಪುರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೇನೆ. ಇನ್ನು ಈ ವಿಷಯವನ್ನು ಹೇಳದಿರುವುದಕ್ಕೆ ನನಗಿರುವ ಕಾರಣವೆಂದರೆ ನಾಚಿಕೆಯೊಂದೇ. ಅದು ಕಾರಣವಾಗಲಾರದು.

ಶಾಲೆಯಿದ್ದುದು ತಲ್ಲೂರನ್ನು ದಾಟಿ ಬೈಂದೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ. ಅವರು ಬ್ರಹ್ಮಾವರದ ಕಡೆಯವರು. ತಂದೆ ಇರಲಿಲ್ಲ, ಅಣ್ಣ ಬೊಂಬಾಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದರು. ತಾಯಿಯನ್ನು ಕರೆದುಕೊಂಡು ಬಂದು, ನನ್ನ ಬಿಡಾರದ ಎದುರಿಗಿದ್ದ ಮನೆಯ ಹೊರಕೋಣೆಗಳಲ್ಲಿ ಬಾಡಿಗೆಗೆ ನಿಂತರು.

ಬಂದ ವಾರದಲ್ಲಿಯೇ ಅವರೊಂದು ರಜೆಯ ಅರ್ಜಿಯನ್ನು ಬರೆದುಕೊಟ್ಟರು. ಅದರಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು. ನಾನು ಕೆಂಪು ಶಾಯಿಯಲ್ಲಿ ತಿದ್ದಿ, "ಶುದ್ಧಪ್ರತಿ ಬರೆದುಕೊಡತಕ್ಕದ್ದು" ಎಂದು ಕೆಳಗೆ ಬರೆದು ಹಿಂದಿರುಗಿಸಿದೆ. ಹೊಸಬರು ಯಾರಾದರೂ ಇದಕ್ಕೆ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದರು. ಅವರು ಶುದ್ಧಪ್ರತಿ ಬರೆದುಕೊಟ್ಟು, ಮಾರನೆಯ ದಿನ ಎಂಟನೆಯ ತರಗತಿಯ ಹುಡುಗನೊಬ್ಬನ ಉಕ್ತಲೇಖನದ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟರು. ನಾನೇ ಹೇಳಿ ಬರೆಸಿದ ವಾಕ್ಯ: "ತಿಮಿಂಗಿಲವು ಸಮುದ್ರದಲ್ಲಿರುವ ಅತ್ಯಂತ ದೊಡ್ಡ ಮೀನು." ಅದರ ಅಡಿಯಲ್ಲಿ ಕೆಂಪು ಗೆರೆಯಿತ್ತು.

"ಮಾಷ್ಟ್ರೆ, ತಿಮಿಂಗಿಲ ಮೀನಲ್ಲ. ಅದ್ ಮರಿಗೆ ಹಾಲ್ ಕೊಡ್ತ್. ನಿಮ್ಮ್ ವ್ಯಾಕರಣ ಎಲ್ಲ ಸರಿ ಇತ್ತ್, ಸುದ್ದಿ ಮಾತ್ರ ಸುಳ್ಳ್."

ಸ್ಟಾಫ್ ರೂಮಿನಲ್ಲಿದ್ದವರೆಲ್ಲ ನಕ್ಕರು. ಡ್ರಿಲ್ ಮಾಸ್ತರರು, "ಪಂಡಿತ್ರೆ, ಗುರುವಿಗೂ ಗುರು ಬಂದ್ರ್ ಕಾಣಿ!" ಎಂದರು. ನಾನೂ ನಕ್ಕೆನೆಂದು ಬರೆಯಬಹುದಾಗಿತ್ತು, ನಗಲಿಲ್ಲ. ಆ ನಗು ನನ್ನೊಳಗೆ ಎಷ್ಟು ಕಾಲ ಉಳಿದಿತ್ತು, ಮುಂದೆ ನಾನು ಬರೆದದ್ದರಲ್ಲಿ ಅದರ ಪಾಲೆಷ್ಟು ಎಂಬುದನ್ನು ಇಂದಿಗೂ ಅಳೆದು ಹೇಳಲಾರೆ. ಪಾಲೇ ಇರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಅವರ ಮುಖದ ಮೇಲೆ ಒಂದು ಕೆಂಪು ಕಲೆಯಿತ್ತು. ಮೂಗಿನ ಬೆನ್ನಿನ ಮೇಲಿಂದ ಹೊರಟು ಎರಡೂ ಕೆನ್ನೆಗಳ ಮೇಲೆ ಹರಡಿ, ರೆಕ್ಕೆ ಬಿಚ್ಚಿ ಕುಳಿತ ಚಿಟ್ಟೆಯಂತೆ ಕಾಣುತ್ತಿತ್ತು. ಕೆಲವು ತಿಂಗಳು ಮಾಸುತ್ತಿತ್ತು, ಕೆಲವು ತಿಂಗಳು ಉರಿಯುವಂತೆ ಏಳುತ್ತಿತ್ತು. ಹುಡುಗರು ಅವರನ್ನು "ಕೆಂಪು ಟೀಚರ್" ಎನ್ನುತ್ತಿದ್ದರು. ನಮ್ಮ ಕಡೆ ಚರ್ಮದ ಮೇಲೆ ಏನಾದರೂ ಎದ್ದರೆ ಮೊದಲು ನೆನಪಾಗುವುದು ನಾಗನ ಮುನಿಸು. ಅವರ ತಾಯಿ ನಾಗನಿಗೆ ತಂಬಿಲದ ಪೂಜೆ ಕೊಡಿಸಿದ್ದರು, ಆಶ್ಲೇಷಾ ಬಲಿ ಮಾಡಿಸಿದ್ದರು. ಹೆಡ್ಮಾಸ್ತರರು ಸಹ ಒಮ್ಮೆ, "ಇನ್ನೊಂದ್ ಸಲ ಮಾಡ್ಸಿ ಕಾಣಿ, ಟೀಚರ್" ಎಂದರು.

"ಮಾಡ್ಸುಕೆ ಅಡ್ಡಿ ಇಲ್ಲೆ, ಸಾರ್. ಆರೆ ಒಂದ್ ಸಂಶಯ. ನಾನ್ ಕೊಡೆ ಹಿಡ್ದ್ರೆ ಕಡ್ಮಿ ಆತ್ತ್, ಬಿಸ್ಲಿಗ್ ಹೋದ್ರೆ ಜಾಸ್ತಿ ಆತ್ತ್. ನಾಗ ಕೊಡೆ ಕಂಡ್ರೆ ಹೆದ್ರತ್ತಾ?"

ಅವರ ರೀತಿಯೇ ಅದು. ಯಾವುದನ್ನೂ ಅಲ್ಲಗಳೆಯುತ್ತಿರಲಿಲ್ಲ, ತಾವು ಕಂಡದ್ದನ್ನು ಪಕ್ಕದಲ್ಲಿಟ್ಟು ಸುಮ್ಮನಾಗುತ್ತಿದ್ದರು. ಡಿಸೆಂಬರಿನ ಬೆಳಗಿನಲ್ಲಿಯೂ ಕೊಡೆ ಹಿಡಿದೇ ನಡೆಯುತ್ತಿದ್ದರು. ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಅಂಗಳದಲ್ಲಿ ನಿಂತರೆ ಅವರು ಜಗಲಿಯ ನೆರಳಿನಲ್ಲಿ ನಿಲ್ಲುತ್ತಿದ್ದರು. ಪ್ರಾರ್ಥನೆಯ ಹಾಜರಿಪಟ್ಟಿಯೂ ನನ್ನ ಕೈಯಲ್ಲಿತ್ತು. "ಅಂಗಳದಲ್ಲಿ ನಿಲ್ಲತಕ್ಕದ್ದು" ಎಂಬುದು ನಿಯಮ. ಆದ್ದರಿಂದ ಜಗಲಿಯಲ್ಲಿ ನಿಂತವರನ್ನು ನಾನು ಗೈರುಹಾಜರೆಂದು ಬರೆದೆ. ಒಂದು ವರ್ಷ ಬರೆದೆ. ಅವರಿಗೆ ಅದು ಗೊತ್ತಿತ್ತು. ನನ್ನನ್ನು ಕಂಡಾಗ, "ಮಾಷ್ಟ್ರೆ, ನಾನ್ ಇವತ್ತೂ ಬರ್ಲಿಲ್ಯಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಮಳೆಗಾಲದ ಬೆಳಗುಗಳಲ್ಲಿ ಅವರ ಬೆರಳ ಗಂಟುಗಳು ನೋಯುತ್ತಿದ್ದವು. ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿದು, ಎಡಗೈಯಿಂದ ಬಲಗೈಯ ಮಣಿಕಟ್ಟಿಗೆ ಆಧಾರ ಕೊಟ್ಟು ಹಲಗೆಯ ಮೇಲೆ ಬರೆಯುತ್ತಿದ್ದರು. ಅಕ್ಷರಗಳು ವಾಲುತ್ತಿದ್ದವು. ಅಧ್ಯಾಪಕರಾದವರ ಅಕ್ಷರ ವಾಲಬಾರದೆಂದು ನಾನು ಹೆಡ್ಮಾಸ್ತರರ ಹತ್ತಿರ ಹೇಳಿದ್ದುಂಟು.

ಒಂದು ಪಾಠವನ್ನು ಮಾತ್ರ ಮರೆಯಲಾರೆ. ನನ್ನ ತರಗತಿ ಪಕ್ಕದ ಕೋಣೆಯಲ್ಲಿತ್ತು. ನಡುವೆ ತಟ್ಟಿಯ ಗೋಡೆ. ಅವರು ದಾಸವಾಳದ ಹೂವನ್ನು ಬಿಸಿನೀರಿನಲ್ಲಿ ಕಿವುಚಿ ಬಣ್ಣದ ನೀರು ಮಾಡಿಕೊಂಡು ಬಂದಿದ್ದರು. ಮೂರು ಲೋಟಗಳಲ್ಲಿ ಏನೇನನ್ನೋ ಹಾಕಿಟ್ಟು, ಏನೆಂದು ಹೇಳದೆ, ಹೂವಿನ ನೀರನ್ನು ಹೊಯ್ದರು. ಮೂರೂ ಕೆಂಪಾದವು.

"ಎಂತ ಇತ್ತ್ ಲೋಟದಲ್ಲಿ?"

"ಲಿಂಬೆಹುಳಿ, ಟೀಚರ್!" ಎಂದು ತರಗತಿಗೆ ತರಗತಿಯೇ ಕೂಗಿತು.

"ಹ್ಯಾಂಗೆ ಗೊತ್ತಾಯ್ತ್?"

"ಕೆಂಪ್ ಆಯ್ತಲೆ!"

"ಒಂದ್ರಲ್ಲಿ ಲಿಂಬೆಹುಳಿ. ಒಂದ್ರಲ್ಲಿ ಹುಣ್ಸೆಹುಳಿ. ಒಂದ್ರಲ್ಲಿ ಬಿಂಬ್ಳಿ ರಸ. ಮೂರೂ ಕೆಂಪ್ ಆಯ್ತ್. ಕೆಂಪ್ ಆದ್ರೆ ಹುಳಿ ಇತ್ತ್ ಅಂತ ಗೊತ್ತಾತ್ತ್, ಅಷ್ಟೇ. ಯಾವ ಹುಳಿ ಅಂತ ಆ ನೀರಿಗೆ ಗೊತ್ತಿಲ್ಲೆ. ಅದ್ನ್ ಬೇರೆ ದಾರಿಯಲ್ಲೇ ಕಾಣ್ಕ್."

ತಟ್ಟಿಯ ಈಚೆ ನಾನು ಸಂಧಿ ಪ್ರಕರಣವನ್ನು ನಿಲ್ಲಿಸಿ ಕೇಳುತ್ತಿದ್ದೆ. ಅರ್ಥವಾಯಿತು ಎಂದುಕೊಂಡೆ.

ಎರಡು ವರ್ಷಗಳ ಪರೀಕ್ಷಾರ್ಥ ಸೇವೆ ಮುಗಿದರೆ ಅಧ್ಯಾಪಕರನ್ನು ಕಾಯಂ ಮಾಡುವುದು ಪದ್ಧತಿ. ಅದಕ್ಕೆ ವೈದ್ಯರ ಆರೋಗ್ಯಪತ್ರ ಬೇಕು. 1964ರ ಬೇಸಗೆಯಲ್ಲಿ ಅವರಿಗೆ ಜ್ವರ, ಗಂಟುನೋವುಗಳು ಹೆಚ್ಚಾಗಿ ಕೆಲವು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಒಳರೋಗಿಗಳೆಲ್ಲರ ರಕ್ತಕ್ಕೂ ಮಾಡುವಂತೆ ಅವರ ರಕ್ತಕ್ಕೂ ಒಂದು ಪರೀಕ್ಷೆ ಮಾಡಿದರು. ಪರಂಗಿ ರೋಗವನ್ನು, ಅಂದರೆ ಗಂಡು ಹೆಣ್ಣಿನ ಸಂಗದಿಂದ ಹರಡುವ ಆ ಗುಹ್ಯರೋಗವನ್ನು, ಪತ್ತೆ ಹಚ್ಚುವ ಪರೀಕ್ಷೆ ಅದು. ಮದುವೆಯಾಗದ ಆ ಹೆಣ್ಣುಮಗಳ ರಕ್ತದಲ್ಲಿ ಅದು 'ಇದೆ' ಎಂದು ತೋರಿಸಿತು.

ವೈದ್ಯರು ಎಚ್ಚರಿಕೆಯ ಮನುಷ್ಯ. ಆರೋಗ್ಯಪತ್ರದಲ್ಲಿ ನಾಲ್ಕು ಸಾಲು ಬರೆದಿದ್ದರು: ಪರೀಕ್ಷೆಯ ಫಲ ಹೀಗಿದೆ, ಆದರೆ ರೋಗದ ಬೇರಾವ ಚಿಹ್ನೆಯೂ ದೇಹದಲ್ಲಿ ಕಾಣುವುದಿಲ್ಲ, ಬೇರೆ ಕಾರಣಗಳಿಂದಲೂ ಹೀಗಾಗುವುದುಂಟು, ಪುನಃ ಪರೀಕ್ಷಿಸದೆ ನಿರ್ಣಯಿಸಕೂಡದು. ಲಕೋಟೆ ಮುಚ್ಚಿಯೇ ಬಂತು. ಹೆಡ್ಮಾಸ್ತರರು ಒಡೆದು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ನನ್ನ ಕಡೆಗೆ ತಳ್ಳಿದರು.

"ಪಂಡಿತ್ರೆ, ಇದ್ನ್ ನೀವೇ ನಾಜೂಕಲ್ಲಿ ಬರೀನಿ."

ಸೇವಾ ಪುಸ್ತಕದ ಕೊನೆಯ ಕಾಲಮಿಗೆ ಶೆರಾ ಎಂದು ಹೆಸರು. ಮೇಲಿನವರ ಅಭಿಪ್ರಾಯವನ್ನು ಬರೆಯುವ ಜಾಗ. ಅಲ್ಲಿ ಯಾವ ಸಂಗತಿಯನ್ನಾದರೂ ಒಂದೇ ವಾಕ್ಯದಲ್ಲಿ, ಒಂದಕ್ಷರವನ್ನೂ ಹೊಡೆದುಹಾಕದೆ ಬರೆಯುವುದು ನನ್ನ ಪದ್ಧತಿ. ತನಿಖೆಗೆ ಬಂದ ಅಧಿಕಾರಿಗಳು ಅದನ್ನು ಹೊಗಳಿದ್ದರು. ಪರಂಗಿ ಎಂಬ ಮಾತು ನನಗೆ ಒರಟಾಗಿ ತೋರಿತು. ನಿಘಂಟನ್ನು ತೆಗೆದೆ. "ಉಪದಂಶ" ಎಂಬ ಶಬ್ದ ಸಿಕ್ಕಿತು. ಸಿಕ್ಕಿದಾಗ ನನಗೆ ಸಂತೋಷವಾಯಿತೆಂಬುದನ್ನು ಮರೆಮಾಚಲಾರೆ. ಬರೆದೆ: "ರಕ್ತಪರೀಕ್ಷೆಯಿಂದ ಉಪದಂಶ ರೋಗವು ಸಿದ್ಧವಾಗಿರುವ ಕಾರಣ ಕಾಯಂ ನೇಮಕಕ್ಕೆ ಅರ್ಹರಲ್ಲ."

ವೈದ್ಯರ ನಾಲ್ಕು ಸಾಲುಗಳಲ್ಲಿ ಮೊದಲನೆಯದನ್ನು ಇಟ್ಟುಕೊಂಡು ಉಳಿದ ಮೂರನ್ನು ಬಿಟ್ಟೆ.

ಪುಸ್ತಕವನ್ನು ಕಪಾಟಿಗೆ ಸೇರಿಸುವಾಗ ಗುಮಾಸ್ತರು ಅದನ್ನು ತೆರೆದು ನೋಡಿದರು. "ಉಪದಂಶ ಅಂದ್ರೆ ಎಂತ, ಪಂಡಿತ್ರೆ?"

ಇಲ್ಲಿ ನಾನು ಸುಮ್ಮನಿರಬಹುದಾಗಿತ್ತು. "ನಿಮಗೆ ಸಂಬಂಧವಿಲ್ಲ" ಎನ್ನಬಹುದಾಗಿತ್ತು. ಆದರೆ ಯಾರಾದರೂ ಒಂದು ಶಬ್ದದ ಅರ್ಥವನ್ನು ಕೇಳಿದರೆ ಹೇಳದೆ ಇರುವುದು ನನ್ನಿಂದ ಆಗದ ಕೆಲಸ. ಹೇಳಿದೆ.

"ಅಯ್ಯೋ ದೇವ್ರೇ! ಆ ಹೆಣ್ಣಿಗಾ?" ಎಂದರು ಅವರು. ಆ ಮಾತಿನಲ್ಲಿ ಮರುಕವೂ ಇತ್ತು, ಬೆಲ್ಲ ಸಿಕ್ಕಿದವನ ಸಂತೋಷವೂ ಇತ್ತು.

ಮೂರನೆಯ ದಿನ ಬೆಳಗ್ಗೆ ನಾನು ನನ್ನ ಜಗಲಿಯಲ್ಲಿ ಕುಳಿತಿದ್ದೆ. ಎದುರುಮನೆಯ ಒಡತಿ ಬಾವಿಕಟ್ಟೆಯಲ್ಲಿ ನಿಂತಿದ್ದರು. ಟೀಚರರ ತಾಯಿ ಕೊಡಪಾನ ಹಿಡಿದುಕೊಂಡು ಬಂದರು.

"ಹ್ವಾಯ್, ಅಲ್ಲೇ ನಿಲ್ಲಿ. ಇನ್ ನೀವ್ ಕೊಡಪಾನ ಬಾವಿಗ್ ಇಳ್ಸುದ್ ಬ್ಯಾಡ. ನಾನೇ ಎಳ್ದ್ ಹೊಯ್ತೆ."

"ಎಂತಕ್ಕೆ, ಅಮ್ಮ? ನಮ್ಗೇನ್ ಮೈಲಿಗೆಯಾ?"

"ಎಂತಕ್ಕೆ ಅಂತ ನಿಮ್ಮ್ ಮಗ್ಳ ಹತ್ರ ಕೇಣಿ."

ಆ ತಾಯಿ ಖಾಲಿ ಕೊಡಪಾನದೊಡನೆ ನಿಂತಿದ್ದರು. ಅವರ ಕಣ್ಣು ರಸ್ತೆಯನ್ನು ದಾಟಿ ನನ್ನ ಜಗಲಿಗೆ ಬಂತು. ನಾನು ಎದ್ದು ಒಳಗೆ ಹೋದೆ.

ಅದೇ ದಿನ ಟೀಚರ್ ಕಚೇರಿಗೆ ಬಂದರು. ಸೇವಾ ಪುಸ್ತಕವನ್ನು ತೋರಿಸಬೇಕೆಂದು ಕೇಳಿದರು. ಅದು ಅವರ ಹಕ್ಕು. ತೋರಿಸಿದೆ. ನಿಂತುಕೊಂಡೇ ಓದಿದರು. ಅವರ ಮುಖದ ಕಲೆ ಆ ದಿನ ಎಷ್ಟು ಕೆಂಪಾಗಿತ್ತೆಂದರೆ ನಾನು ಬೇರೆ ಕಡೆಗೆ ನೋಡಿದೆ.

"ಮಾಷ್ಟ್ರೆ, ಡಾಕ್ಟ್ರು ಇನ್ನೊಂದ್ ಸಲ ಪರೀಕ್ಷೆ ಮಾಡ್ಕ್ ಅಂತ ಬರ್ದಿರ್ ಅಲ್ದಾ? ಅದ್ನ್ ಎಂತಕ್ಕೆ ಬಿಟ್ರಿ?"

"ಶೆರಾ ಕಾಲಂ ಕಿರಿದು, ಟೀಚರ್. ಅಷ್ಟನ್ನೆಲ್ಲ ಬರೆಯಲು ಜಾಗವಿಲ್ಲ."

"ಜಾಗ ಇಲ್ಲ್ಯಾ." ಅವರು ಒಮ್ಮೆ ಪುಸ್ತಕವನ್ನೂ ಒಮ್ಮೆ ನನ್ನನ್ನೂ ನೋಡಿದರು. "ನಾನ್ ಗಂಡಿನ ನೆರ್ಳ್ ಸೋಂಕದವ್ಳ್. ಅದ್ ನಂಗೆ ಗೊತ್ತಿತ್ತ್. ನನ್ನ್ ರಕ್ತ ಬೇರೆ ಹೇಳ್ತ್. ಹಾಂಗಾರೆ ರಕ್ತ ಬೇರೆ ಎಂತದ್ದೋ ಹೇಳ್ತಿತ್ತ್, ನಿಮ್ಗೆ ಕೇಂತಿಲ್ಲೆ."

ಅವರು ಅಳಲಿಲ್ಲ. ಪುಸ್ತಕವನ್ನು ಮುಚ್ಚಿ, ಅಂಚುಗಳನ್ನು ಸರಿಹೊಂದಿಸಿ, ನನ್ನ ಮುಂದಿಟ್ಟು ಹೋದರು.

ಆಮೇಲೆ ಅವರು ತಮ್ಮ ಮೇಲೆಯೇ ಒಂದು ಪ್ರಯೋಗ ಮಾಡಿದರು. ಆ ರೋಗಕ್ಕೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು, ತಮಗೆ ಆ ರೋಗವಿಲ್ಲವೆಂದು ತಿಳಿದೂ, ದಿನಕ್ಕೊಂದರಂತೆ ತೆಗೆದುಕೊಂಡರು. ವೈದ್ಯರ ಮನೆಗೆ ಶಾಲೆಯ ಮುಂದಿನಿಂದಲೇ ಹೋಗಬೇಕು. ಕೊಡೆ ಹಿಡಿದು, ಸೊಂಟ ನೋಯುತ್ತಿದ್ದುದರಿಂದ ಸ್ವಲ್ಪ ಓರೆಯಾಗಿ ನಡೆಯುತ್ತಿದ್ದರು. ಗೇಟಿನಲ್ಲಿದ್ದ ಹುಡುಗರು ಪಿಸುಗುಟ್ಟುತ್ತಿದ್ದರು. "ಕೆಂಪು ಟೀಚರ್" ಎಂಬ ಹೆಸರು ಹೋಗಿ "ಪರಂಗಿ ಟೀಚರ್" ಎಂಬ ಹೆಸರು ಬಂದಿತ್ತು. ಮದ್ದು ಮುಗಿದ ಮೇಲೆ ರಕ್ತವನ್ನು ಪುನಃ ಪರೀಕ್ಷಿಸಿದರು. ಫಲ ಒಂದಿಷ್ಟೂ ಬದಲಾಗಲಿಲ್ಲ. ಮದ್ದಿಗೆ ಜಗ್ಗದ ರೋಗವೆಂದರೆ ಅದು ಆ ರೋಗವೇ ಅಲ್ಲವೇನೋ ಎಂದು ಯಾರಾದರೂ ಯೋಚಿಸಬೇಕಾಗಿತ್ತು. ಊರು ಯೋಚಿಸಿದ್ದು, "ಎಷ್ಟ್ ಗಟ್ಟಿ ಬೇರ್ ಬಿಟ್ಟಿತ್ತ್ ಕಾಣಿ!" ಎಂದು. ಆ ವರ್ಷದ ಅಕ್ಟೋಬರಿನಲ್ಲಿ ಅಣ್ಣ ಬಂದು ತಂಗಿಯನ್ನೂ ತಾಯಿಯನ್ನೂ ಬೊಂಬಾಯಿಗೆ ಕರೆದುಕೊಂಡು ಹೋದರು. ಬೀಳ್ಕೊಡುಗೆಯ ಚಹಾ ಸಹ ಇರಲಿಲ್ಲ.

1967ರ ಮಾರ್ಚ್ ತಿಂಗಳಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮೇಲ್ವಿಚಾರಣೆಗಾಗಿ ನನ್ನನ್ನು ಬ್ರಹ್ಮಾವರಕ್ಕೆ ಹಾಕಿದರು. ಎರಡನೆಯ ದಿನ ಬಸ್ಸಿಗಾಗಿ ನಿಂತಿದ್ದೆ.

"ಹ್ವಾಯ್, ಮಾಷ್ಟ್ರೆ! ನೀವಲ್ದಾ?"

ಅವರ ತಾಯಿ. ಕೈಯಲ್ಲಿ ಬಸಳೆಯ ಕಟ್ಟು.

"ಮಗ್ಳ್ ಇಲ್ಲೇ ಮನೆಯಲ್ಲಿ ಇತ್ತ್. ಬೊಂಬಾಯಿ ನೀರ್ ಸಾಕ್ ಅಂದ್ಳ್, ಬಂದ್ವ್. ನಿಮ್ಮನ್ನ್ ಕೇಂತಿದ್ಳ್. ಬನಿ."

ಕೇಳುತ್ತಿದ್ದರು ಎಂಬ ಮಾತಿಗೆ ನನ್ನ ಕಾಲು ಹಿಂಜರಿಯಿತು. ಆ ವೃದ್ಧೆ ನನ್ನ ಚೀಲವನ್ನು ತಾವೇ ಎತ್ತಿಕೊಂಡು ಮುಂದೆ ನಡೆದರು.

ಟೀಚರ್ ಒಳಜಗಲಿಯಲ್ಲಿ ಕುಳಿತಿದ್ದರು. ನನಗೆ ಮೊದಲು ಗುರುತು ಸಿಗಲಿಲ್ಲ. ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗಾಗಿತ್ತು. ಅದು ಬೊಂಬಾಯಿಯ ವೈದ್ಯರು ಕೊಟ್ಟ ಮಾತ್ರೆಯಿಂದ ಎಂದು ಆಮೇಲೆ ತಿಳಿಯಿತು. ಮಣೆಯ ಮೇಲಿಟ್ಟ ಕಾಲುಗಳು ಬಾತಿದ್ದವು. ಬೆರಳಿನಿಂದ ಒತ್ತಿದ ಕುಳಿ ಹಾಗೆಯೇ ಉಳಿಯುವಷ್ಟು. ಗೋಡೆಯ ಬದಿಯಲ್ಲಿ ಸ್ಪಿರಿಟ್ ದೀಪ, ಎರಡು ಗಾಜಿನ ಕೊಳವೆಗಳು, ಒಂದು ನೋಟು ಪುಸ್ತಕ.

"ಬನಿ ಮಾಷ್ಟ್ರೆ, ಕೂಕಣಿ. ಹೆದ್ರಬೇಡಿ, ಅಂಟು ರೋಗ ಅಲ್ಲ."

ನಾನು ಕುಳಿತೆ. ಅವರು ಆ ಕೊಳವೆಗಳನ್ನು ತೋರಿಸಿದರು. ದಿನವೂ ಬೆಳಗ್ಗೆ ತಮ್ಮ ಮೂತ್ರವನ್ನು ತಾವೇ ಕಾಯಿಸಿ ನೋಡುತ್ತಿದ್ದರಂತೆ. ಆರೋಗ್ಯವಂತರದ್ದು ತಿಳಿಯಾಗಿಯೇ ಇರುತ್ತದೆ. ಇವರದ್ದು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತಿತ್ತು. ಅದು ಎಷ್ಟು ದಪ್ಪಗಟ್ಟಿತೆಂದು ಪ್ರತಿದಿನ ಬರೆದಿಟ್ಟಿದ್ದರು. ನಾನು ಪುಟಗಳನ್ನು ತಿರುಗಿಸಿದೆ. ಒಂದು ದಿನವೂ ತಪ್ಪಿರಲಿಲ್ಲ. ಅಕ್ಷರಗಳು ವಾಲಿದ್ದವು.

"ನಿಮ್ಗೆ ಅರ್ಥ ಆಪ್ಪಂಗೆ ಹೇಳ್ತೆ," ಎಂದು ಶುರು ಮಾಡಿದರು. ಆ ಧ್ವನಿಯಲ್ಲಿ ತರಗತಿಯ ಗಟ್ಟಿತನ ಇನ್ನೂ ಇತ್ತು. "ಹೊರಗಿನ್ ಕ್ರಿಮಿ ಮೈಗ್ ಹೊಕ್ರೆ ಅದ್ನ್ ಹಿಡುಕೆ ರಕ್ತದಲ್ಲಿ ಒಂದ್ ವಸ್ತು ಹುಟ್ಟತ್ತ್. ಆಂಟಿಬಾಡಿ ಅಂಬ್ರ್. ನನ್ನ್ ಮೈಯಲ್ಲಿ ಅದ್ಕೆ ಗುರ್ತ ತಪ್ಪಿತ್ತ್. ನನ್ನ್ದೇ ಕಣದ ತಿರುಳನ್ನ್ ಹೊರಗಿನವ್ರ್ ಅಂತ ಹಿಡಿತ್ತ್. ಅಲ್ಲಿ ಡಾಕ್ಟ್ರು ಮೈಕ್ರೋಸ್ಕೋಪಿನಲ್ಲಿ ತೋರ್ಸಿರ್, ಒಂದ್ ಬಿಳಿ ಕಣ ಇನ್ನೊಂದ್ರ ತಿರುಳ್ ನುಂಗಿ ಕೂತದ್ದ್. ಚಂದ ಇತ್ತ್, ಮಾಷ್ಟ್ರೆ. ನನ್ನ್ದೇ ರಕ್ತ ಅಲ್ದಿದ್ರೆ ಇನ್ನೂ ಚಂದ ಕಾಂತಿತ್ತೇನೋ."

"ಮೂತ್ರಪಿಂಡಕ್ಕೆ ಏನಾಯಿತು?"

"ಅಮ್ಮ ಕಾಯಿಹಾಲ್ ಸೋಸುದ್ ಕಂಡಿದ್ರಿ ಅಲ್ದಾ? ಅರ್ವೆಯಲ್ಲಿ. ಮೂತ್ರಪಿಂಡ ಹಾಂಗೇ ಒಂದ್ ಅರ್ವೆ. ಈ ಆಂಟಿಬಾಡಿ, ಅದ್ ಹಿಡ್ದ ತಿರುಳ್, ಎರ್ಡೂ ಮುದ್ದೆಯಾಯಿ ಬಂದ್ ಆ ಅರ್ವೆಯಲ್ಲಿ ಸಿಕ್ಕಿಕಂಡಿತ್ತ್. ಸಿಕ್ಕಿದಲ್ಲಿ ಉರಿ. ಉರ್ದ್ ಉರ್ದ್ ಅರ್ವೆ ಹರ್ದಿತ್ತ್. ಉಳಿಕಾದ್ದ್ ಹೊರಗ್ ಹೋತ್ತ್, ಹೋಯ್ಕಾದ್ದ್ ಒಳಗ್ ಉಳಿತ್ತ್." ತಮ್ಮ ಬಾತ ಕಾಲನ್ನು ಕಣ್ಣಿನಿಂದಲೇ ತೋರಿಸಿದರು. "ಅದ್ಕೇ ಉಪ್ಪಿಲ್ದ ಗಂಜಿ. ಅಮ್ಮನೂ ನನ್ನ್ ಒಟ್ಟಿಗೆ ಉಪ್ಪ್ ಬಿಟ್ಟಿರ್. ಬ್ಯಾಡ ಅಂದ್ರೆ ಕೇಂತಿಲ್ಲೆ."

ಅನಂತರ ನಾನು ಕೇಳಲಾರದೆ ಕುಳಿತಿದ್ದ ವಿಷಯಕ್ಕೆ ಅವರೇ ಬಂದರು. ಆ ರಕ್ತಪರೀಕ್ಷೆಯಲ್ಲಿ ಪರಂಗಿ ರೋಗದ ಕ್ರಿಮಿಯನ್ನು ಯಾರೂ ನೋಡುವುದೇ ಇಲ್ಲವಂತೆ. ದನದ ಹೃದಯದಿಂದ ತೆಗೆದ ಒಂದು ಬಗೆಯ ಕೊಬ್ಬಿಗೆ ರಕ್ತದ ನೀರನ್ನು ಬೆರೆಸಿ, ಅದು ಗರಣೆ ಕಟ್ಟುತ್ತದೆಯೇ ಎಂದು ನೋಡುತ್ತಾರಂತೆ. ಕಟ್ಟಿಸುವುದು ಒಂದು ಆಂಟಿಬಾಡಿ. ಪರಂಗಿ ರೋಗದಲ್ಲಿ ಅದು ಹುಟ್ಟುತ್ತದೆ. ಇವರ ರೋಗದಲ್ಲಿಯೂ ಹುಟ್ಟುತ್ತದೆ. ಮುಖದ ಕಲೆ, ಬಿಸಿಲಿನ ಉರಿ, ಗಂಟುನೋವು, ಮೂತ್ರಪಿಂಡ, ಆ ಸುಳ್ಳು ಫಲ, ಇವೆಲ್ಲವೂ ಒಂದೇ ಬೇರಿನವು. ಕ್ರಿಮಿಯನ್ನೇ ಗುರಿಮಾಡಿ ನೋಡುವ ಬೇರೊಂದು ಪರೀಕ್ಷೆಗೆ ಬೊಂಬಾಯಿಯವರು ರಕ್ತವನ್ನು ಕಳುಹಿಸಿದ್ದರು. ಅದರಲ್ಲಿ ರೋಗವಿಲ್ಲವೆಂದೇ ಬಂದಿತ್ತು.

"ಮೂರು ಲೋಟ," ಎಂದೆ. ನನ್ನ ಬಾಯಿಯಿಂದ ತಾನಾಗಿ ಬಂತು.

"ನೀವ್ ತಟ್ಟಿ ಆಚೆ ಕೇಂತಿದ್ರಿ ಅಂತ ಗೊತ್ತಿತ್ತ್ ನಂಗೆ," ಎಂದು ಅವರು ನಕ್ಕರು. "ನಿಮ್ಮ್ ಕ್ಲಾಸ್ ಅಷ್ಟೊತ್ತಿಗೆ ಸುಮ್ನಾಯ್ತಲೆ."

ಬೊಂಬಾಯಿ ಆಸ್ಪತ್ರೆಯ ಪತ್ರದ ನಕಲನ್ನು ಮಡಚಿ ನನಗೆ ಕೊಟ್ಟರು. "ಮಾಷ್ಟ್ರೆ, ನಂಗೆ ಕೆಲ್ಸ ಬ್ಯಾಡ. ಮಾಡುಕೆ ಆತಿಲ್ಲೆ. ನಿಮ್ಮ್ ಮೇಲ್ ಸಿಟ್ಟೂ ಇಲ್ಲೆ, ಇದ್ದಿತ್, ಮುಗ್ದ್ ಹೋಯ್ತ್. ಆ ಒಂದ್ ಸಾಲ್ ಹೊಡ್ದ್ ಹಾಕಿ. ನಾನ್ ಇಪ್ಪುದ್ರೊಳಗೆ ಆರೆ ಒಳ್ಳೇದಿತ್ತ್."

"ಒಂದು ತಿಂಗಳೊಳಗೆ ಮಾಡುತ್ತೇನೆ," ಎಂದೆ.

ಮಾಡಲಿಲ್ಲ. ಏಕೆ ಮಾಡಲಿಲ್ಲವೆಂಬುದನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ನನ್ನ ನಾಚಿಕೆಗೆ ಮುಖ್ಯ ಕಾರಣ ಇದೇ. ಅಂದು ಬರೆದದ್ದು ಅಜ್ಞಾನದಿಂದ ಎಂದು ಯಾರಾದರೂ ನನ್ನನ್ನು ಕ್ಷಮಿಸಬಹುದು. ಇದು ತಿಳಿದೂ ಮಾಡಿದ್ದು. ಸೇವಾ ಪುಸ್ತಕದಲ್ಲಿ ಒಂದು ಸಾಲನ್ನು ಹೊಡೆಯಬೇಕಾದರೆ ಮೇಲಧಿಕಾರಿಗಳಿಗೆ ಕಾರಣವನ್ನು ಬರೆಯಬೇಕು. ಕಾರಣ: ವೈದ್ಯರ ಪತ್ರದ ಮೂರು ಸಾಲುಗಳನ್ನು ನಾನು ಬಿಟ್ಟೆ. ಹೆಡ್ಮಾಸ್ತರರು ಮರುವರ್ಷ ನಿವೃತ್ತರಾಗುವವರಿದ್ದರು. ಆ ಸ್ಥಾನಕ್ಕೆ ನನ್ನ ಹೆಸರಿತ್ತು. ಅಂಥ ಕಾಗದವನ್ನು ಆಗ ಕಳುಹಿಸುವುದು ಬೇಡವೆನಿಸಿತು. 1968ರ ಜೂನ್‌ನಲ್ಲಿ ನಾನೇ ಹೆಡ್ಮಾಸ್ತರನಾದೆ. ಆಮೇಲೆ, ಹೊಸ ಹೆಡ್ಮಾಸ್ತರನೊಬ್ಬನು ತನ್ನ ತಪ್ಪನ್ನೇ ಮೊದಲ ಪತ್ರವಾಗಿ ಬರೆಯುವುದು ಶಾಲೆಗೆ ಶೋಭೆಯಲ್ಲವೆನಿಸಿತು. ಆ ನಕಲು ನನ್ನ ನಿಘಂಟಿನೊಳಗಿತ್ತು. ದಿನಕ್ಕೆರಡು ಬಾರಿ ತೆರೆಯುವ ನಿಘಂಟನ್ನು ಬಿಟ್ಟು, ನಾನು ಇನ್ನೊಂದು ನಿಘಂಟನ್ನು ಕೊಂಡುಕೊಂಡೆ.

1969ರ ನವೆಂಬರಿನ ಒಂದು ಬೆಳಗ್ಗೆ ಗುಮಾಸ್ತರು ಸಹಿಗಾಗಿ ಕಾಗದಗಳನ್ನು ಇಡುತ್ತ ಹೇಳಿದರು: "ಆ ಪರಂಗಿ ಟೀಚರ್ ಹೋಯ್ತ್ ಅಂಬ್ರ್, ಸಾರ್. ಬ್ರಹ್ಮಾವರದಲ್ಲಿ. ಮೂತ್ರ ಕಟ್ಟಿ."

ನಾನು ಆ ಹೆಸರನ್ನು ತಿದ್ದಲಿಲ್ಲ. ಹುಡುಗರ ಹ್ರಸ್ವ ದೀರ್ಘಗಳನ್ನು ತಿದ್ದುತ್ತಲೇ ಇದ್ದವನು ಆ ಒಂದು ಮಾತನ್ನು ತಿದ್ದದೆ, ಐದು ಕಾಗದಗಳಿಗೆ ಸಹಿ ಹಾಕಿದೆ.

ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೋಯಿತು. 1971ರ ಮಾರ್ಚ್‌ನಲ್ಲಿ ಒಬ್ಬ ತರುಣ ಅಧ್ಯಾಪಕರನ್ನು ಕಾಯಂ ಮಾಡುವ ಪ್ರಸಂಗ ಬಂತು. ಆಡಳಿತ ಸಮಿತಿಯ ಹಿರಿಯರೊಬ್ಬರ ಅಳಿಯ. ಅವರ ಆರೋಗ್ಯಪತ್ರದಲ್ಲಿ, ಎದೆಯ ಬಡಿತದಲ್ಲಿ ಏನೋ ವ್ಯತ್ಯಾಸವಿದೆ, ಪುನಃ ಪರೀಕ್ಷಿಸಿ ನಿರ್ಣಯಿಸತಕ್ಕದ್ದು ಎಂದಿತ್ತು. ನಾನು ಶೆರಾ ಕಾಲಮಿನಲ್ಲಿ ಬರೆದೆ: "ಎದೆಬಡಿತದಲ್ಲಿ ಸಂಶಯವಿರುವುದರಿಂದಲೂ ಅನ್ಯ ದೋಷ ಕಾಣದಿರುವುದರಿಂದಲೂ, ಮರುಪರೀಕ್ಷೆಯ ಫಲ ಬರುವವರೆಗೆ ನಿರ್ಣಯವನ್ನು ಕಾದಿರಿಸಲಾಗಿದೆ." ಬರೆದು ಮುಗಿಸಿ ನೋಡಿದೆ. ಮೂರು ಸಾಲುಗಳಲ್ಲಿ ಚೆನ್ನಾಗಿ ಹಿಡಿದಿತ್ತು. ಕೆಳಗೆ ಒಂದು ಸಾಲಿನಷ್ಟು ಜಾಗವೂ ಉಳಿದಿತ್ತು.

ಎದ್ದು ಕಪಾಟಿನಿಂದ ಅವರ ಪುಸ್ತಕವನ್ನು ತೆಗೆದೆ. ಅದೇ ಮುದ್ರಣಾಲಯದ, ಅದೇ ಅಳತೆಯ ಪುಸ್ತಕ. ಅದೇ ಕಾಲಂ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ. ಜವಾನ ಬಂದು ಗಂಟೆ ಹೊಡೆಯಲೇ ಎಂದು ಎರಡು ಬಾರಿ ಕೇಳಿದನಂತೆ.

ಆ ವಾರ ಮೇಲಧಿಕಾರಿಗಳಿಗೆ ಬರೆದೆ. ಮುಚ್ಚುಮರೆಯಿಲ್ಲದೆ, ಅಲಂಕಾರವಿಲ್ಲದೆ ಬರೆದೆ. ಬೊಂಬಾಯಿಯ ಪತ್ರವನ್ನೂ ಅಂದಿನ ವೈದ್ಯರ ನಾಲ್ಕು ಸಾಲುಗಳನ್ನೂ ಇಟ್ಟೆ. ಜುಲೈ ಕೊನೆಯಲ್ಲಿ ಆದೇಶ ಬಂತು: ಶೆರಾ ರದ್ದು; ಬರೆದವರಿಗೆ ಎಚ್ಚರಿಕೆ. ಕೆಂಪು ಶಾಯಿಯಲ್ಲಿ ಹೊಡೆದು, ಸಹಿ ಹಾಕಿ, ಆದೇಶದ ಪ್ರತಿಯನ್ನು ಹಿಡಿದುಕೊಂಡು ಬ್ರಹ್ಮಾವರಕ್ಕೆ ಹೋದೆ.

ಅವರ ತಾಯಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಕಾಗದವನ್ನು ಓದಿ ಹೇಳಿದೆ. ಅವರು ಕೈಗೆ ತೆಗೆದುಕೊಳ್ಳಲಿಲ್ಲ.

"ಅವ್ಳ್ ಇಪ್ಪತಿಗೆ ತಂದಿದ್ರೆ ಓದ್ತಿದ್ಳ್. ನಂಗ್ ಓದುಕೆ ಬತ್ತಿಲ್ಲೆ."

"ತಪ್ಪಾಯಿತು, ಅಮ್ಮ."

"ಮಾಷ್ಟ್ರೆ, ಪುಸ್ತಕದಲ್ಲಿ ಬರ್ದದ್ದನ್ನ್ ನೀವ್ ಪುಸ್ತಕದಲ್ಲಿ ಹೊಡ್ದ್ರಿ. ಆ ಊರಲ್ಲಿ ನನ್ನ್ ಮಗ್ಳನ್ನ್ ಪರಂಗಿ ಅಂದವ್ರ್ ಯಾರ್ ಪುಸ್ತಕ ಓದಿದವ್ರ್? ನನ್ನ್ ಕೊಡಪಾನ ಬಾವಿಗ್ ಇಳ್ಸುಕೆ ಬಿಡ್ದವ್ಳ್ ಓದಿತ್ತಾ? ಅವ್ರಿಗ್ ಹೇಳಿ. ಅವ್ರ್ ಎದ್ರ್ ಹೇಳಿ. ಹೇಳಿ ಆದ್ ಮೇಲ್ ಬನಿ, ಆವಾಗ್ ಊಟ ಹಾಕ್ತೆ."

ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೊರಟೆ.

ಆಗಸ್ಟಿನಲ್ಲಿ ಪೋಷಕರ ಸಭೆ. ಆ ವರ್ಷ ಎಂದಿಗಿಂತ ಹೆಚ್ಚು ಮಂದಿ ಬಂದಿದ್ದರು. ಗುಮಾಸ್ತರು ಬಾಗಿಲ ಹತ್ತಿರ ನಿಂತಿದ್ದರು. ಎದುರುಮನೆಯ ಒಡತಿ ಮೊಮ್ಮಗನೊಡನೆ ಮುಂದಿನ ಬೆಂಚಿನಲ್ಲಿದ್ದರು. ವರದಿ ಓದುವ ಹೊತ್ತಿಗೆ ನಾನು ವರದಿಯನ್ನು ಮೇಜಿನ ಮೇಲಿಟ್ಟು, ಅವರ ಪೂರ್ತಿ ಹೆಸರನ್ನು ಹೇಳಿ, ಬರೆದುಕೊಂಡದ್ದನ್ನು ಬಿಟ್ಟು ಮಾತಾಡಿದೆ. ಅವರಿಗೆ ಆ ರೋಗ ಎಂದೂ ಇರಲಿಲ್ಲ. ಅವರ ರಕ್ತವೇ ಅವರ ಮೂತ್ರಪಿಂಡವನ್ನು ತಿಂದಿತು. ಆ ರಕ್ತವೇ ಪರೀಕ್ಷೆಯನ್ನು ಮೋಸಗೊಳಿಸಿತು. ವೈದ್ಯರು ಕಾಯಿರಿ ಎಂದಿದ್ದರು, ನಾನು ಕಾಯಲಿಲ್ಲ. ಗುಮಾಸ್ತರಿಗೆ ಅರ್ಥ ಹೇಳಿದವನೂ ನಾನೇ. ಅವರು ತಿದ್ದಿ ಎಂದು ಕೇಳಿದರು, ನಾನು ಅವರು ಸಾಯುವವರೆಗೂ ತಿದ್ದಲಿಲ್ಲ.

ಒಡತಿ ಸೆರಗಿನಿಂದ ಮುಖ ಒರೆಸಿಕೊಂಡು, "ನಾವೂ ಹಾಂಗೇ ಅಂದ್ವ್, ಮಾಷ್ಟ್ರೆ. ನಾನೇ ಅಂದೆ," ಎಂದರು. ಹಿಂದಿನಿಂದ ಯಾರೋ, "ಜೋರಾಗಿ ಹೇಳಿ, ಇತ್ಲಾಯಿಗೆ ಕೇಂತಿಲ್ಲೆ," ಎಂದರು. ನಾನು ಇನ್ನೊಮ್ಮೆ, ಮೊದಲಿನಿಂದ, ಗಟ್ಟಿಯಾಗಿ ಹೇಳಿದೆ.

ಅದು 1971ನೆಯ ಇಸವಿಯ ಆಗಸ್ಟ್ ತಿಂಗಳ 22ನೆಯ ತಾರೀಖು, ಭಾನುವಾರ.